ತುಕ್ಕಿಗೆ ವಾರ್ನಿಷ್

ನನ್ನ ತಮ್ಮ ಜಿತೇಂದ್ರನಿಗೆ ಮಲ್ಪೆಯಲ್ಲಿ ಎರಡು ಟ್ರಾಲ್‌ಬೋಟು ಉಂಟು, ಕಾಪುವಿನಲ್ಲಿ ಮಹಡಿ ಮನೆ ಉಂಟು, ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲೂ ಉಂಟು. ಹೆಂಡತಿ ಮಾತ್ರ ಇಲ್ಲ. ಅಮ್ಮ ತೀರಿಕೊಂಡ ಮೇಲೆ ಅವನಿಗೆ ಹೆಣ್ಣು ಹುಡುಕುವ ಕೆಲಸ ಅಕ್ಕನಾದ ನನ್ನ ತಲೆಗೆ ಬಿತ್ತು. "ಮೋಹಿನಿ, ತಮ್ಮನದ್ದು ಎಲ್ಲಿಗೆ ಬಂತು?" ಎಂದು ಕೇಳುವವರಿಗೆ ನಾನು ಬಾಯಿಯಲ್ಲಿ ಉತ್ತರ ಕೊಡುವುದಿಲ್ಲ. ಅಂಗಳದಲ್ಲಿ ನಿಂತಿರುವ ಬೂದು ಕಾರನ್ನು ತೋರಿಸುತ್ತೇನೆ.

ನೋಡಲಿಕ್ಕೆ ಅದು ಇಪ್ಪತ್ತು ವರ್ಷ ಹಳೆಯ ಎಸ್ಟೀಮ್. ಒಂದು ಬಾಗಿಲು ಬೇರೆ ಬಣ್ಣದ್ದು, ಬಾನೆಟ್ಟಿನಲ್ಲಿ ಒಂದು ತಗ್ಗು, ಚಕ್ರಗಳ ಮೇಲ್ಭಾಗದಲ್ಲಿ ತುಕ್ಕು. ಗುಜರಿಯವನು ನಮ್ಮ ಗೇಟಿನ ಮುಂದೆ ಬಂದಾಗಲೆಲ್ಲ ಸ್ವರ ಸ್ವಲ್ಪ ಏರಿಸಿ ಕೂಗುತ್ತಾನೆ. ಆದರೆ ಬಾನೆಟ್ಟಿನ ಕೆಳಗೆ ಇರುವುದು ಆ ಕಾರಿನ ಎಂಜಿನ್ನೇ ಅಲ್ಲ. ಮಳೆಗಾಲದಲ್ಲಿ ಬೋಟುಗಳು ದಡ ಸೇರಿದಾಗ ಉಳಿದ ಬೋಟಿನವರು ಬಲೆ ರಿಪೇರಿ ಮಾಡಿಸುತ್ತಾರೆ. ನಮ್ಮವನು ಕಟಪಾಡಿಯ ಡೆನ್ವರ್ ಎಂಬವನ ಗ್ಯಾರೇಜಿನಲ್ಲಿ ಕುಳಿತು ಇದಕ್ಕೆ ದೊಡ್ಡ ಎಂಜಿನ್ ಇಳಿಸಿದ, ಟರ್ಬೊ ಕೂಡಿಸಿದ, ಬ್ರೇಕು ಬದಲಿಸಿದ. ಈಗ ಅದು ಹೆದ್ದಾರಿಯಲ್ಲಿ ದೊಡ್ಡ ದೊಡ್ಡ ಜರ್ಮನ್ ಕಾರುಗಳನ್ನು ಹಿಂದೆ ಹಾಕುತ್ತದಂತೆ.

ಡೆನ್ವರ್ ಒಳ್ಳೆಯ ಹುಡುಗ. ಪಾಪ, ಆ ತಗ್ಗನ್ನು ಪುಕ್ಕಟೆ ಎತ್ತಿಕೊಡುತ್ತೇನೆ ಎಂದಿದ್ದ. ಇವನು ಹೌಹಾರಿದ. ತಗ್ಗು ಹೋದರೆ ಕಾರಿನ ಮರ್ಯಾದೆಯೇ ಹೋಯಿತಂತೆ. ತುಕ್ಕು ಇನ್ನಷ್ಟು ಹರಡಿ ತಗಡು ತಿನ್ನಬಾರದು, ಆದರೆ ಅಳಿಸಿಯೂ ಹೋಗಬಾರದು ಎಂದು ಅದರ ಮೇಲೆ ಬಣ್ಣವಿಲ್ಲದ ವಾರ್ನಿಷ್ ಹೊಡೆಸಿದ. ಜನ ತುಕ್ಕು ತೆಗೆಸಲಿಕ್ಕೆ ದುಡ್ಡು ಕೊಡುತ್ತಾರೆ, ನನ್ನ ತಮ್ಮ ತುಕ್ಕು ಉಳಿಸಲಿಕ್ಕೆ ಕೊಟ್ಟ. ಎ.ಸಿ.ಯನ್ನೂ ಕೀಳಿಸಿದ. ಅದು ತೂಕವಂತೆ.

"ಇದರ ಗಮ್ಮತ್ತು ಎಂತ ಗೊತ್ತುಂಟಾ ಅಕ್ಕ? ಯಾರಿಗೂ ಗೊತ್ತಾಗುವುದಿಲ್ಲ," ಎನ್ನುತ್ತಾನೆ.

ಗೊತ್ತಾಗುವುದಿಲ್ಲವೇ! ಮಲ್ಪೆ ಬಂದರಿನ ಹರಾಜು ಕಟ್ಟೆಯಲ್ಲಿ ಗೊತ್ತು, ಕಾಪುವಿನ ಕ್ಷೌರದಂಗಡಿಯಲ್ಲಿ ಗೊತ್ತು, ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ತರುವವನಿಗೆ ಗೊತ್ತು. ಒಬ್ಬೊಬ್ಬರನ್ನೂ ಬದಿಗೆ ಕರೆದು ಬಾನೆಟ್ ಎತ್ತಿ ತೋರಿಸಿ, "ಯಾರಿಗೂ ಹೇಳ್ಬೇಡಿ ಆಯ್ತಾ," ಎಂದು ಹೇಳಿಯಾಗಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಆ ಅಲ್ಪನಾದರೂ ಕೊಡೆಯನ್ನು ನೇರವಾಗಿ ಬಿಡಿಸಿ ಹಿಡಿದ. ನನ್ನ ತಮ್ಮ ಕೊಡೆಯನ್ನು ಅಂಗಿಯ ಒಳಗೆ ಬಚ್ಚಿಟ್ಟು, ಎದುರು ಸಿಕ್ಕಿದವರಿಗೆಲ್ಲ ಗುಂಡಿ ಬಿಚ್ಚಿ ತೋರಿಸುವ ಜಾತಿ.

ಒಮ್ಮೆ ಹೆದ್ದಾರಿಯಲ್ಲಿ ನನ್ನನ್ನೂ ಕೂರಿಸಿಕೊಂಡು ಒಂದು ಕಪ್ಪು ಕಾರಿನ ಪಕ್ಕದಲ್ಲಿ ಬೇಕೆಂದೇ ಸುಮಾರು ದೂರ ಮೆಲ್ಲಗೆ ಹೋದ. ಇವನ ಲೆಕ್ಕದಲ್ಲಿ ಆ ಕಾರಿನವನು ಇವನನ್ನು ತಾತ್ಸಾರದಿಂದ ನೋಡಬೇಕು, ಆಮೇಲೆ ಇವನು ಹಾರಿ ಹೋಗಬೇಕು, ಅವನು ಬಾಯಿ ಬಿಟ್ಟು ನಿಲ್ಲಬೇಕು. ಇವನು ಹಾರಿದ್ದೂ ಆಯಿತು. ಹಿಂದೆ ತಿರುಗಿ ನೋಡಿದೆ. ಕಪ್ಪು ಕಾರಿನವನು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ, ನಮ್ಮ ಕಡೆ ನೋಡಿರಲೇ ಇಲ್ಲ. ಜಿತೇಂದ್ರ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಹೀಗಿರುವಾಗ ಕಾರ್ಕಳದಿಂದ ಒಂದು ಸಂಬಂಧ ಬಂತು. ಹುಡುಗಿ ಸೌಮ್ಯಶ್ರೀ, ಮಣಿಪಾಲದಲ್ಲಿ ಫಿಸಿಯೋಥೆರಪಿ ಮಾಡುವವಳು. ತಂದೆ ಕಿಟ್ಟಣ್ಣ ನಮ್ಮ ಪೈಕಿಯವರೇ. ಕಾರ್ಕಳದ ಬೀದಿಗಳಲ್ಲಿ ಸೈಕಲ್ಲಿನ ಮೇಲೆ ಮೀನು ಮಾರಿ, ಆಮೇಲೆ ಅಂಗಡಿ ಹಾಕಿ, ಒಬ್ಬಳೇ ಮಗಳನ್ನು ಓದಿಸಿದವರು. ಫೋನಿನಲ್ಲಿ ಆ ಹುಡುಗಿಯ ಹತ್ತಿರ ನಾನು ಒಮ್ಮೆ ಮಾತಾಡಿದ್ದೆ. ನಯವಾಗಿ, ಆದರೆ ಹೆದರದೆ ಮಾತಾಡಿದಳು. ನನಗೆ ಬಹಳ ಇಷ್ಟವಾದಳು. ಇದೊಂದು ಆಗಲಿ ದೇವರೇ ಎಂದು ಮಾರಿಯಮ್ಮನಿಗೆ ಹರಕೆ ಹೊತ್ತೆ.

"ಬಾಡಿಗೆಗೆ ಒಂದು ಇನ್ನೋವಾ ಮಾಡುವ," ಎಂದೆ.

"ಯಾಕೆ? ಹುಡುಗಿ ಇನ್ನೋವಾವನ್ನು ಮದುವೆ ಆಗುವುದಾ, ನನ್ನನ್ನಾ?"

"ಎಂತ ಮಾರಾಯ, ಮೀನಿನವರ ಮನೆ ಅದು. ನಿನಗೆ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು? ನಮ್ಮವರಲ್ಲಿ ಸಮುದ್ರದ ಲಾಭನಷ್ಟ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅಂಗಳದ ಗಾಡಿ ನೋಡಿ ತಿಳಿದುಕೊಳ್ಳುತ್ತಾರೆ. ಸೀಸನ್ ಒಳ್ಳೆಯದಾದರೆ ಹೊಸ ಕಾರು ಬರುತ್ತದೆ, ಕೈಕೊಟ್ಟರೆ ಅದು ಹೋಗಿ ಹಳೆಯದು ಬರುತ್ತದೆ. ಹೆಣ್ಣು ನೋಡಲಿಕ್ಕೆ ಎರಡು ಬೋಟಿನ ಯಜಮಾನ ತುಕ್ಕು ಹಿಡಿದ ಎಸ್ಟೀಮಿನಲ್ಲಿ ಹೋದರೆ, ಬೋಟು ಮುಳುಗಿತು ಎಂದೇ ಅರ್ಥ.

"ಹಾಗೇ ತಿಳಿದುಕೊಳ್ಳಲಿ. ಹೊರಗೆ ನೋಡಿ ಅಳೆಯುವ ಜನವಾ, ಒಳಗೆ ನೋಡುವ ಜನವಾ ಅಂತ ನನಗೂ ಗೊತ್ತಾಗ್ಬೇಕಲ್ವಾ? ಇದೊಂದು ಪರೀಕ್ಷೆ," ಎಂದ. ಪರೀಕ್ಷೆ ಮಾಡುವವನ ಮುಖ ನೋಡಬೇಕಿತ್ತು, ಪಿಯುಸಿಯಲ್ಲಿ ಎರಡು ಸಲ ಕೂತವನದ್ದು.

ದಾರಿಯಲ್ಲಿ ಶಂಕರಪುರದಲ್ಲಿ ನಿಲ್ಲಿಸಿ ಹುಡುಗಿಗೆಂದು ಮಲ್ಲಿಗೆ ತೆಗೆದುಕೊಂಡೆ. ಬೆಳಗ್ಗೆ ಕೊಯ್ದು ಕಟ್ಟಿದ ಹೂವು, ಬಾಳೆಎಲೆಯಲ್ಲಿ ತಣ್ಣಗೆ ಸುತ್ತಿ ಕೊಟ್ಟರು. ಕಾಲಬುಡದಲ್ಲಿ ಇಟ್ಟುಕೊಂಡೆ. ಆ ಸುಡುಗಾಡು ಎಂಜಿನ್ನಿನ ಬಿಸಿ ತಗಡನ್ನು ದಾಟಿ ಬಂದು, ಬೆಳ್ಮಣ್ ತಲುಪುವಾಗ ಮಲ್ಲಿಗೆ ಕಂದಿ ಹೋಗಿತ್ತು. ರೇಷ್ಮೆ ಸೀರೆಯ ಒಳಗೆ ನಾನೂ ಹಾಗೆಯೇ ಆಗಿದ್ದೆ. ಮುಂದೆ ಒಂದು ಬಸ್ಸು, ಅದರ ಮುಂದೆ ಜಲ್ಲಿಯ ಲಾರಿ. ಜರ್ಮನ್ ಕಾರುಗಳನ್ನು ಹಿಂದೆ ಹಾಕುವ ಗಾಡಿ ಕಾರ್ಕಳದವರೆಗೂ ಆ ಬಸ್ಸಿನ ಹೊಗೆ ಕುಡಿಯುತ್ತಾ ಬಂತು.

ಕಿಟ್ಟಣ್ಣ ಗೇಟಿನ ಹತ್ತಿರವೇ ಕಾಯುತ್ತಿದ್ದರು. ಹೊಸ ಅಂಗಿ, ಅಂಗಡಿಯ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಅಂಗಳ ಗುಡಿಸಿ ನೀರು ಹಾಕಿದ್ದರು, ಪಕ್ಕದ ಮನೆಯಿಂದ ಕುರ್ಚಿ ತಂದು ಇಟ್ಟಿದ್ದರು. ಅವರ ಕಣ್ಣು ನಮ್ಮ ಕಾರಿನ ತಗ್ಗಿನಿಂದ ತುಕ್ಕಿಗೆ, ತುಕ್ಕಿನಿಂದ ಬೇರೆ ಬಣ್ಣದ ಬಾಗಿಲಿಗೆ ಹೋದದ್ದನ್ನು ನಾನು ನೋಡಿದೆ. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. "ಬನ್ನಿ ಬನ್ನಿ, ಬಿಸಿಲು ಜೋರುಂಟು," ಎಂದು ಒಳಗೆ ಕರೆದು ಬೆಲ್ಲ ನೀರು ಕೊಟ್ಟರು.

ನನಗೆ ಊಟದ ಭಯ. ಮೀನಿನವರ ಮನೆಯಲ್ಲಿ ನಮ್ಮ ಬೆಲೆ ಎಷ್ಟು ಎಂದು ಊಟದ ಎಲೆ ಹೇಳುತ್ತದೆ. ಬೇಡದವರಿಗೆ ಅಗ್ಗದ ಬೂತಾಯಿ, ಬೇಕಾದವರಿಗೆ ದುಬಾರಿ ಅಂಜಲ್. ಬಾಳೆಎಲೆಯ ಮೇಲೆ ಅಂಗೈಯಷ್ಟು ಅಗಲದ ಅಂಜಲ್ ತುಂಡು ಬಂದು ಬಿದ್ದಾಗ ನನಗೆ ಅಳುವೇ ಬಂತು. ಕಾರು ನೋಡಿದ ಮೇಲೂ ಅವರು ತುಂಡು ಸಣ್ಣದು ಮಾಡಿರಲಿಲ್ಲ.

ಕಿಟ್ಟಣ್ಣ ಬಹಳ ಎಚ್ಚರಿಕೆಯಿಂದ ಮಾತು ತೆಗೆದರು. "ಸಮುದ್ರ ಅಂದ್ರೆ ಹಾಗೇ. ಒಂದು ವರ್ಷ ಕೊಡ್ತದೆ, ಒಂದು ವರ್ಷ ಕೊಡುವುದಿಲ್ಲ. ಅಲ್ವಾ?"

ಜಿತೇಂದ್ರ ತಲೆ ತಗ್ಗಿಸಿ, "ಹೌದು. ಇದ್ದದ್ದರಲ್ಲಿ ಇರುವುದು," ಎಂದು ನಿಟ್ಟುಸಿರು ಬಿಟ್ಟ. ಒಳಗೊಳಗೆ ಅವನಿಗೆ ಹಬ್ಬ. ಯಕ್ಷಗಾನದವರು ಕಂಡರೆ ಆಗಲೇ ಮೇಳಕ್ಕೆ ಕರೆದುಕೊಳ್ಳುತ್ತಿದ್ದರು. ಮೇಜಿನ ಕೆಳಗೆ ಅವನ ಕಾಲು ತುಳಿದೆ. ಪ್ರಯೋಜನವಾಗಲಿಲ್ಲ.

ಊಟ ಮುಗಿಯಿತು. ಹುಡುಗ ಹುಡುಗಿ ಜಗಲಿಯಲ್ಲಿ ಕುಳಿತು ಮಾತಾಡಿದರು, ಸೌಮ್ಯಶ್ರೀ ಎರಡು ಸಲ ನಕ್ಕದ್ದು ನನಗೆ ಕೇಳಿಸಿತು. ಎದ್ದು ಒಳಗೆ ಬಂದು ತಂದೆಯ ಕಿವಿಯಲ್ಲಿ ಏನೋ ಹೇಳಿದಳು. ಕಿಟ್ಟಣ್ಣ ಎಲೆಯಡಿಕೆಯ ತಟ್ಟೆ ಮುಂದಿಟ್ಟು ಹೇಳಿದರು: "ಮೋಹಿನಿಯಕ್ಕ, ಮಗಳು ಒಪ್ಪಿದ್ದಾಳೆ. ನಮಗೂ ಒಪ್ಪಿಗೆ. ನಾನು ನನ್ನ ಮಾವನ ಮನೆಗೆ ಮೀನಿನ ಸೈಕಲ್ಲಿನಲ್ಲಿ ಹೋದವ. ನಮಗೆ ಹುಡುಗ ಮುಖ್ಯ."

ನನ್ನ ಎದೆ ತುಂಬಿ ಬಂತು. ಮಾರಿಯಮ್ಮ ಕೈಬಿಟ್ಟಿರಲಿಲ್ಲ. ಪರೀಕ್ಷೆ ಎಂದು ಹೊರಟಿದ್ದನಲ್ಲ, ಆ ಪರೀಕ್ಷೆಯಲ್ಲಿ ಅವರು ನೂರಕ್ಕೆ ನೂರು ತೆಗೆದಿದ್ದರು. ಇನ್ನು ಇವನು ಬಾಯಿ ಮುಚ್ಚಿಕೊಂಡು ಮನೆಗೆ ಬಂದರೆ ಸಾಕಿತ್ತು, ಬಾಕಿದ್ದನ್ನು ನಾನು ನಿಧಾನಕ್ಕೆ ನಯವಾಗಿ ಹೇಳಿ ಸರಿಮಾಡುತ್ತಿದ್ದೆ.

ಕಿಟ್ಟಣ್ಣನ ಒಳ್ಳೆಯತನ ಅಲ್ಲಿಗೆ ನಿಲ್ಲಲಿಲ್ಲ. ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದ ಬಿಳಿ ವ್ಯಾಗನಾರ್ ತೋರಿಸಿ, ಬಹಳ ಸಂಕೋಚದಿಂದ, "ತಪ್ಪು ತಿಳಿಯಬೇಡಿ. ಇದನ್ನು ನಾನು ಓಡಿಸುವುದೇ ಕಡಿಮೆ. ಮದುವೆ ಆದ ಮೇಲೆ ನೀವೇ ಇಟ್ಟುಕೊಳ್ಳಿ. ಆ ಹಳೆಯದರಲ್ಲಿ ದೂರ ಹೋಗುವುದು ಅಪಾಯ," ಎಂದರು.

ಜಿತೇಂದ್ರನ ಮುಖ ಕೆಂಪಾಯಿತು. ಬಡವ ಎಂದು ಅವರು ತಿಳಿಯಬೇಕು ಎಂಬುದು ಅವನ ಆಸೆ, ತಿಳಿದೇ ಉಳಿಯಬೇಕು ಎಂದಲ್ಲ. ಬಡವ ಎಂದು ತಿಳಿದು, ಮೂಗು ಮುರಿದು, ಆಮೇಲೆ ನಾಚಿಕೆಪಡಬೇಕಿತ್ತು. ಈ ಮನುಷ್ಯ ಮೂಗು ಮುರಿಯುವ ಬದಲು ವ್ಯಾಗನಾರ್ ಕೊಡುತ್ತಿದ್ದಾರೆ! ಎರಡು ಬೋಟಿನ ಯಜಮಾನನಿಗೆ!

"ಜಿತ್ತು, ಹೊತ್ತಾಯ್ತು, ಹೊರಡುವ," ಎಂದೆ.

"ಒಂದು ನಿಮಿಷ ಅಕ್ಕ. ಮಾವ, ಬನ್ನಿ, ಒಂದು ರೌಂಡ್ ಹೋಗಿ ಬರುವ."

ಕಿಟ್ಟಣ್ಣ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ನಗುತ್ತಾ ಹತ್ತಿದರು. ಕಾರು ಹಿರಿಯಡ್ಕದ ರಸ್ತೆಗೆ ತಿರುಗಿದ್ದು ಕಂಡಿತು. ಆಮೇಲೆ ಕಂಡದ್ದು ಧೂಳು. ಆಮೇಲೆ ಬರೀ ಸದ್ದು, ಅದೂ ದೂರದಲ್ಲಿ. ಸೌಮ್ಯಶ್ರೀ ಗೇಟು ಹಿಡಿದುಕೊಂಡು ನಿಂತಳು. ನಾನು ಅವಳ ಮುಖ ನೋಡುವ ಧೈರ್ಯ ಮಾಡಲಿಲ್ಲ.

ತಿರುಗಿ ಬಂದಾಗ ಕಿಟ್ಟಣ್ಣನ ಕೂದಲು ನಿಂತಿತ್ತು. ಬಾಯಲ್ಲಿ ಹಾಕಿಕೊಂಡು ಹೋದ ಎಲೆಯಡಿಕೆ ಎಲ್ಲೋ ದಾರಿಯಲ್ಲಿ ಗಂಟಲಿನೊಳಗೆ ಇಳಿದಿತ್ತು. ಮೆಟ್ಟಿಲ ಮೇಲೆ ಕುಳಿತು ನೀರು ಕೇಳಿದರು. ನನ್ನ ತಮ್ಮ ಮಾತ್ರ ಕಂಬಳದಲ್ಲಿ ಗೆದ್ದ ಕೋಣದ ಹಾಗೆ ಉಬ್ಬಿ ಇಳಿದ.

"ಹೇಗುಂಟು ಮಾವ? ಇದರ ಎಂಜಿನ್ನಿಗೆ ಹಾಕಿದ ದುಡ್ಡಿನಲ್ಲಿ ನಿಮ್ಮ ವ್ಯಾಗನಾರ್ ಮೂರು ಬರ್ತದೆ!"

ಕಿಟ್ಟಣ್ಣ ನೀರು ಕುಡಿದು ಮೆಲ್ಲಗೆ ಕೇಳಿದರು. "ಹಾಗಾದ್ರೆ ಬೋಟು?"

"ಎರಡೂ ಉಂಟು ಮಾವ. ಈ ಸಲ ಬಂಗುಡೆ ಒಳ್ಳೆ ಸಿಕ್ಕಿದೆ. ನಾನು ಸುಮ್ಮನೆ, ನೀವು ಹೇಗೆ ಅಂತ ನೋಡುವ ಅಂತ..."

"ಎಂತ ನೋಡುವ ಅಂತ?" ಕೇಳಿದ್ದು ಸೌಮ್ಯಶ್ರೀ. ಸ್ವರ ಏರಿರಲಿಲ್ಲ. "ಅಪ್ಪ ನಿನ್ನೆಯಿಂದ ಕುರ್ಚಿ ಕೇಳಿಕೊಂಡು ಮನೆಮನೆಗೆ ಹೋಗಿದ್ದಾರೆ. ಅಂಜಲ್ ತರಲಿಕ್ಕೆ ಅವರೇ ಬೆಳಗ್ಗೆ ಬಂದರಿಗೆ ಹೋಗಿದ್ದಾರೆ. ನಮ್ಮಲ್ಲಿ ಇದ್ದದ್ದನ್ನೆಲ್ಲ ನಿಮ್ಮ ಮುಂದೆ ಇಟ್ಟೆವು. ಅವರು ತಮ್ಮ ಗಾಡಿ ಕೊಡ್ತೇನೆ ಅಂದಾಗ ನೀವು ಒಳಗೆ ನಗ್ತಾ ಇದ್ರಾ?"

"ಅಯ್ಯೋ, ಇಲ್ಲ, ಅದು ತಮಾಷೆಗೆ..."

"ನನಗೆ ತಮಾಷೆ ಅನ್ನಿಸಲಿಲ್ಲ," ಎಂದು ತಂದೆಯ ಕೈಯಿಂದ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಜಗಲಿಯಲ್ಲಿ ನಕ್ಕಿದ್ದ ಹುಡುಗಿ ಅವಳೇ ಎಂದು ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಮರುದಿನ ಕಿಟ್ಟಣ್ಣ ನನಗೆ ಫೋನು ಮಾಡಿದರು. ಬೇರೆಯವರಾದರೆ ಜಾತಕ ಕೂಡುವುದಿಲ್ಲ ಎಂದು ಸುಳ್ಳು ಹೇಳಿ ಮುಗಿಸುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. "ಮೋಹಿನಿಯಕ್ಕ, ಬೇಸರ ಮಾಡ್ಬೇಡಿ. ಕಷ್ಟದಲ್ಲಿ ಇರುವವನಿಗೆ ಹೆಣ್ಣು ಕೊಡಲಿಕ್ಕೆ ನಮಗೆ ಭಯ ಇರಲಿಲ್ಲ," ಎಂದರು. ಮುಂದಿನದನ್ನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಫೋನು ಇಟ್ಟು ಅಡುಗೆಮನೆಯಲ್ಲಿ ಕುಳಿತು ಅತ್ತೆ. ನನ್ನ ಸ್ವಂತ ತಂಗಿಯನ್ನು ಕಳೆದುಕೊಂಡಷ್ಟು ಸಂಕಟವಾಯಿತು.

ಜಿತೇಂದ್ರ ಎರಡು ದಿನ ಮಂಕಾಗಿದ್ದ. ಪಾಪ, ಬುದ್ಧಿ ಬಂತು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮುಂದಿನ ಭಾನುವಾರ ಉಡುಪಿಯಲ್ಲಿ ಸಂಬಂಧಿಕರ ಮನೆಯ ನಿಶ್ಚಿತಾರ್ಥಕ್ಕೆ ಹೊರಟಿದ್ದೆವು. ಕಟಪಾಡಿಯಲ್ಲಿ ಡೆನ್ವರನ ಗ್ಯಾರೇಜಿಗೆ ಕಾರು ತಿರುಗಿಸಿದ. "ಎರಡೇ ನಿಮಿಷ," ಎಂದು ಇಳಿದು ಬಾನೆಟ್ ಎತ್ತಿದ. ಅಲ್ಲಿದ್ದ ನಾಲ್ಕೈದು ಜನ ಸುತ್ತ ನೆರೆದರು. ಬೆವರು ಒರೆಸುತ್ತಾ ಕುಳಿತಿದ್ದ ನನಗೆ ಅವನ ಸ್ವರ ಕೇಳಿಸಿತು.

"ಕಾರ್ಕಳದ ಒಂದು ಮನೆಯವರು ಈ ಗಾಡಿ ನೋಡಿಯೇ ಹೆಣ್ಣು ಕೊಡಲಿಲ್ಲ ಮಾರಾಯ. ಅಂಜಲ್ ಎಲ್ಲ ಹಾಕಿದ್ರು. ಆದ್ರೆ ಎಂತ ಮಾಡುವುದು? ಜನ ಹೊರಗಿನದ್ದು ಮಾತ್ರ ನೋಡುವುದು. ಒಳಗೆ ಎಂತ ಉಂಟು ಅಂತ ಯಾರಿಗೂ ಬೇಡ."

ಜನ ಚುಚ್ ಚುಚ್ ಎಂದು ಕನಿಕರಿಸಿದರು. ನಾನು ಕಾರಿನಿಂದ ಇಳಿದೆ. ಬಾಗಿಲು ಹಾಕಿದ ಸದ್ದಿಗೆ ಎಲ್ಲರೂ ತಿರುಗಿದರು.

"ಆ ಅಂಜಲ್ ತಿಂದ ಬಾಯಲ್ಲಿ ಸುಳ್ಳು ಹೇಳ್ಬೇಡ ಜಿತ್ತು," ಎಂದೆ. "ಹೊರಗಿನದ್ದು ನೋಡಿ ಅವರು ಹೆಣ್ಣು ಕೊಡ್ತೇವೆ ಅಂದಿದ್ರು. ಒಳಗೆ ಎಂತ ಉಂಟು ಅಂತ ನೀನೇ ಬಿಚ್ಚಿ ತೋರಿಸಿದೆ. ಅದನ್ನು ನೋಡಿದ ಮೇಲೆ ಬೇಡ ಅಂದದ್ದು."

ಡೆನ್ವರ್, ಬೀಳದೇ ಇದ್ದ ಸ್ಪ್ಯಾನರ್ ಒಂದನ್ನು ಹುಡುಕುತ್ತಾ ಕಾರಿನ ಕೆಳಗೆ ಬಗ್ಗಿದ. ಜಿತೇಂದ್ರ ನಗಲು ನೋಡಿದ, ಜೊತೆಗೆ ನಗುವವರಿಗಾಗಿ ಸುತ್ತ ನೋಡಿದ. ಯಾರೂ ನಗಲಿಲ್ಲ. ನಾನು ಸೀಟಿನ ಮೇಲಿದ್ದ ನನ್ನ ಚೀಲ ತೆಗೆದುಕೊಂಡು ರಸ್ತೆಗೆ ಬಂದೆ. ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಬಂತು, ಕೈ ತೋರಿಸಿ ಹತ್ತಿದೆ.