ದುಃಖತಪ್ತರು

ತಾಯಿ ತೀರಿಕೊಂಡ ನಲವತ್ತನೆಯ ದಿನದ ಚೀಟಿಯನ್ನು ರುಮ್ಯಾನಾ ತಾನೇ ಬರೆದು ಅಚ್ಚು ಹಾಕಿಸಿದ್ದಳು. ಮೇಲೆ ತಾಯಿಯ ಫೋಟೊ. ಕೆಳಗೆ ‘ದುಃಖತಪ್ತರು: ಮಗಳು, ಅಳಿಯ, ಮೊಮ್ಮಗಳು’. ಮಗನ ಹೆಸರಿರಲಿಲ್ಲ. ಮರೆತದ್ದಲ್ಲ. ರುಮ್ಯಾನಾಳ ಮಗಳು ಇಲಿಯಾನಾಳನ್ನು ಮದುವೆಯಾಗಲಿದ್ದ ಹುಡುಗನ ತಾಯಿ ಪೆಂಕಾ ಅಂದು ಹನ್ನೊಂದರ ಬಸ್ಸಿಗೆ ಬರುವವಳಿದ್ದಳು. ಡ್ಯಾನ್ಯೂಬ್ ದಂಡೆಯ ಆ ಊರಿನಲ್ಲಿ ಬಸ್‌ಸ್ಟಾಪಿನಿಂದ ಮನೆಯ ಗೇಟಿನವರೆಗೆ ಕಂಬಕಂಬಕ್ಕೂ ಗೇಟಿಗೂ ಅಂಟಿಸಿದ ಸಾವಿನ ಚೀಟಿಯನ್ನು ಓದದೆ ಯಾರೂ ದಾಟುವುದಿಲ್ಲ. ಹುಡುಗಿಯ ಸೋದರಮಾವನಿಗೆ ಸ್ಕಿಜೋಫ್ರೇನಿಯ ಎಂದು ತಿಳಿದರೆ, ‘ರಕ್ತದಲ್ಲೇ ಇದೆ’ ಎನ್ನಲು ಒಂದು ಬಾಯಿ ಸಾಕು.

ತಮ್ಮ ಜಹಾರಿಯನ್ನು ತಾಯಿ ಇಪ್ಪತ್ತಾರು ವರ್ಷ ನೋಡಿಕೊಂಡಿದ್ದಳು. ರುಮ್ಯಾನಾ ನಲವತ್ತು ದಿನಕ್ಕೇ ಸೋತಿದ್ದಳು. ಮಾತ್ರೆಯನ್ನು ನಾಲಿಗೆಯಡಿ ಅಡಗಿಸಿದನೇನೋ ಎಂದು ಬಾಯಿ ತೆರೆಸಿ ನೋಡಬೇಕು. ರೇಡಿಯೊ ತನ್ನನ್ನೇ ಬಯ್ಯುತ್ತಿದೆ ಎಂದಾಗ ತಂತಿ ಕಿತ್ತು ತೋರಿಸಬೇಕು. ಸ್ನಾನ ಮಾಡೆಂದು ವಾರಗಟ್ಟಲೆ ಗೋಗರೆಯಬೇಕು. ತಾಯಿಯ ಬದಲು ಇವನೇ ಹೋಗಿದ್ದರೆ ಎಂದು ಒಂದೆರಡು ಸಲ ಅಂದುಕೊಂಡಿದ್ದಳು. ಅಂದುಕೊಂಡು, ಅವನಿಗೆ ಸೂಪು ಬಡಿಸಿದ್ದಳು.

ಅಂದು ಬೆಳಿಗ್ಗೆ, ತಾಯಿಯ ಹೆಸರಿನಲ್ಲಿ ಬೀದಿಗೆ ಹಂಚಲು ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸುತ್ತಿದ್ದಾಗ ಎದುರುಮನೆಯ ಮುದುಕಿ ಸ್ತೋಯ್ಕಾ ಗೇಟಿನಲ್ಲಿ ತಲೆ ಹಾಕಿದಳು.

“ಲೇ ರುಮ್ಯಾನಾ, ನಿನ್ ತಮ್ಮ ಪೆನ್ ಹಿಡ್ಕೊಂಡು ಚೀಟಿ ಮೇಲೆಲ್ಲಾ ಏನೋ ಗೀಚ್ತಿದಾನೆ ಕಣೇ!”

“ಏನಂತ?”

“ಕನ್ನಡಕ ತಂದಿಲ್ಲ. ತಂದಿದ್ರೆ ನಿನ್ ಹತ್ರ ಯಾಕ್ ಬರ್ತಿದ್ದೆ, ಊರಿಗೇ ಹೇಳ್ತಿದ್ದೆ.”

ರುಮ್ಯಾನಾ ಏಪ್ರನ್ನಿನಲ್ಲೇ ಓಡಿದಳು. ಮೂರು ಕಂಬದ ಚೀಟಿಗಳನ್ನು ಓದುವ ಗೋಜಿಗೂ ಹೋಗದೆ ಕಿತ್ತು ಜೇಬಿಗೆ ತುರುಕಿದಳು. ಬಸ್‌ಸ್ಟಾಪಿನಲ್ಲಿ ಜಹಾರಿ ಕೊನೆಯ ಚೀಟಿಗೆ ಪೆನ್ನು ಹಚ್ಚಿ ನಿಂತಿದ್ದ. ಬಸ್ಸು ಆಗಲೇ ಬಂದಿತ್ತು, ಪೆಂಕಾ ಇಳಿಯುತ್ತಿದ್ದಳು. ಕೀಳಲು ಕೈಯೆತ್ತಿದ ರುಮ್ಯಾನಾಳ ಕಣ್ಣಿಗೆ ಆಗ ಬರಹ ಬಿತ್ತು. ‘ಮೊಮ್ಮಗಳು’ ಆದಮೇಲೆ, ಸಣ್ಣ ದುಂಡು ಅಕ್ಷರದಲ್ಲಿ: ‘ಪಕ್ಕದ ಮನೆಯ ಜಹಾರಿ’.

ಹೋದ ವಾರ ಹುಡುಗ ಮನೆಗೆ ಬಂದಾಗ ‘ಯಾರಾದರೂ ಕೇಳಿದರೆ ಪಕ್ಕದ ಮನೆಯವನು ಅನ್ನು’ ಎಂದು ಹೇಳಿಕೊಟ್ಟವಳು ಅವಳೇ.

ಇನ್ನು ಕೀಳುವ ಅಗತ್ಯವಿರಲಿಲ್ಲ. ಕೈ ಇಳಿಸಿದಳು.

ಪೆಂಕಾ ಚೀಟಿ ಓದಿದಳು. “ಇವ್ರೇನಾ ಜಹಾರಿ? ಪಕ್ಕದ ಮನೆಯವ್ರಿಗೂ ಇಷ್ಟು ಸಂಕಟ ಅಂದ್ರೆ ನಿಮ್ಮಮ್ಮ ಎಂಥಾ ಹೆಂಗಸಿರ್ಬೇಕು, ಬೀಗ್ತಿ!”

ಜಹಾರಿ ಟೋಪಿ ತೆಗೆದ. “ಬಹಳ ಒಳ್ಳೆಯವ್ರು. ನಂಗೆ ದಿನಾ ಊಟ ಹಾಕ್ತಿದ್ರು.”

“ಹೂಂ,” ಎಂದಳು ರುಮ್ಯಾನಾ. “ಒಳ್ಳೇ ನೆರೆಯವನು.”

ಗೋಧಿ ಹಂಚಿದಾಗ ಬೀದಿಯವರೆಲ್ಲ ಗೇಟಿನ ಹೊರಗೆ ನಿಂತು ಲೋಟ ತೆಗೆದುಕೊಂಡು, ಸತ್ತವರಿಗೆ ಹೇಳುವ ಹಾಗೆ, ‘ದೇವರು ಕ್ಷಮಿಸಲಿ’ ಅಂದರು. ಜಹಾರಿಯೂ ಸಾಲಿನಲ್ಲಿ ನಿಂತು ಹಾಗೆಯೇ ಅಂದ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ, ಸ್ತೋಯ್ಕಾ ಕೂಡ. ಅವರು ತನ್ನ ಮುಖ ನೋಡದೆ ಹೋದದ್ದನ್ನು ರುಮ್ಯಾನಾ ಗಮನಿಸಿದಳು.

ಪೆಂಕಾಳನ್ನು ಮೂರರ ಬಸ್ಸು ಹತ್ತಿಸಿ ಬಂದಾಗ ಜಹಾರಿ ಖಾಲಿ ಲೋಟ ಹಿಡಿದು ಗೇಟಿನ ಹೊರಗೇ ನಿಂತಿದ್ದ. ಕಿವಿ ಚಳಿಗೆ ಕೆಂಪಾಗಿತ್ತು.

“ಹೋದ್ರಾ?”

“ಹೋದ್ಲು. ಬಾ, ಮಾತ್ರೆ ತಗೋಬೇಕು.”

ಅವನು ಗೇಟು ಮುಟ್ಟಲಿಲ್ಲ. “ಒಳಗೆ ಬರ್ಬಹುದೇನ್ರೀ?”

ತಮಾಷೆಯೇ ಎಂದು ಮುಖ ನೋಡಿದಳು. ತಮಾಷೆಯಾಗಿರಲಿಲ್ಲ, ಕಾಯುತ್ತಿದ್ದ. ಗೇಟನ್ನು ಪೂರ್ತಿ ತೆರೆದು ಹಿಡಿದಳು. ಅದಕ್ಕೆ ಅಂಟಿಸಿದ್ದ ಚೀಟಿಯಲ್ಲಿನ ತಾಯಿಯ ಮುಖ ಗೋಡೆಗೆ ತಿರುಗಿತು.