ಗಿರಣಿಯ ಕತ್ತಲು

ನಾಗಲಿಂಗನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೆಳಗಾವಿಯ ಕಲ್ಯಾಣ ಮಂಟಪಗಳಲ್ಲಿ ಅವನ ಕ್ಯಾಮೆರಾಕ್ಕೆ ಅಡ್ಡ ಬಂದ ಬೀಗರಿಗೆಲ್ಲ ಅದರ ಬಿಸಿ ಗೊತ್ತು. ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಯಾರಾದರೂ ಲೆನ್ಸಿನ ಮುಂದೆ ತಲೆ ಹಾಕಿದರೆ, ವರನ ತಂದೆಯೆಂದೂ ನೋಡದೆ ಬೈದುಬಿಡುತ್ತಿದ್ದ. ಊರವರ ಮದುವೆ ತೆಗೆದು ತೆಗೆದು ಕೂದಲು ನರೆತ ಮೇಲೆ, ಅವನು ತನ್ನದೆಂದು ಒಂದು ಸಿನಿಮಾ ಮಾಡಿದ.

ಸಿನಿಮಾ ಅವನ ಅಕ್ಕ ಸಾತವ್ವನದು. ಹಲಸಿಯ ಆಚೆಯ ಹಳ್ಳಿಯಲ್ಲಿ ಗಂಡ ಸತ್ತ ಮೇಲೆ ಹಿಟ್ಟಿನ ಗಿರಣಿ ನಡೆಸಿದವಳು. ಪಾತ್ರವನ್ನೂ ಅವಳೇ ಮಾಡಿದಳು. ಆದರೆ ನಾಗಲಿಂಗನ ಜೀವವೆಲ್ಲ ಇದ್ದದ್ದು ಸಿನಿಮಾದ ಆರಂಭದಲ್ಲಿ. ಪರದೆಯ ಮೇಲೆ ಏನೂ ಇಲ್ಲ, ಕಗ್ಗತ್ತಲು. ಗಿರಣಿಯ ಡೀಸೆಲ್ ಇಂಜಿನ್ನಿನ ಟಕಟಕ, ಪಟ್ಟೆ ಬಡಿಯುವ ಸದ್ದು, ಕಾಳು ಸುರಿಯುವ ಸದ್ದು. ಬಹಳ ಹೊತ್ತಿನ ಮೇಲೆ ಇಂಜಿನ್ ಸೋತು ನಿಲ್ಲುತ್ತದೆ. ನಿಂತ ಮೇಲೆ ಹೆಂಗಸೊಬ್ಬಳ ಉಸಿರು ಕೇಳುತ್ತದೆ. ಆಗ ಒಮ್ಮೆಲೇ ಪರದೆಯ ತುಂಬ ಸಾತವ್ವನ ಮುಖ, ರೆಪ್ಪೆಯ ಮೇಲೆ ಹಿಟ್ಟು.

ನಾಗಲಿಂಗ ಸಣ್ಣವನಿದ್ದಾಗ ಅಕ್ಕನ ಮನೆಗೆ ಹೋದರೆ, ಗಿರಣಿಯಲ್ಲಿ ಜೋಳ ಬಿದ್ದಿದೆಯೋ ಅಕ್ಕಿ ಬಿದ್ದಿದೆಯೋ ಎಂದು ಓಣಿಯಿಂದಲೇ ಸದ್ದು ಕೇಳಿ ಹೇಳುತ್ತಿದ್ದನಂತೆ. ನೋಡುವವರೂ ಹಾಗೆ ಕಿವಿಯಿಂದ ಒಳಗೆ ಬರಬೇಕೆಂದು ಅವನ ಹಟ.

ಬೆಳಗಾವಿಯ ಕ್ಯಾಂಪ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಎಡಿಟಿಂಗ್ ಮಾಡುತ್ತಿದ್ದವಳು ಅವನ ಹೆಂಡತಿ ಪ್ರಮಿಳಾ. "ರೀ, ಇಷ್ಟೊತ್ತು ಕತ್ತಲಿಟ್ರ ಮಂದಿ ಏನು ನೋಡಬೇಕ್ರಿ?" ಎಂದಿದ್ದಳು.

"ನೋಡಾಕಲ್ಲ, ಕೇಳಾಕ."

"ಟಿಕೀಟು ತಗದು ಗಿರಣಿ ಸಪ್ಪಳ ಕೇಳಾಕ ಬರ್ತಾರೇನು?"

ಅವನು ಮೌಸ್ ಎತ್ತಿ ಗೋಡೆಗೆ ಬಡಿದ. ಅವಳು ಹೆಕ್ಕಿ ತಂದು ಜೋಡಿಸಿದಳು. ಮುಂದೆ ಆ ಮಾತು ಎತ್ತಲಿಲ್ಲ.

ಬೆಂಗಳೂರಿನ ವಿತರಕರಲ್ಲಿ ಅವನ ಫೋನ್ ಎತ್ತುವವರೇ ಇರಲಿಲ್ಲ. ಉಳಿದದ್ದು ಒಂದೇ ದಾರಿ. ಖಾನಾಪುರದ ಹಳೆಯ ಟಾಕೀಜಿನವರು ಒಂದು ಮಧ್ಯಾಹ್ನದ ಆಟ ಕೊಟ್ಟಿದ್ದರು. ಬೆಳಗಾವಿಯ ಟಾಕೀಜಿನ ಮ್ಯಾನೇಜರ್ ದುಂಡಪ್ಪ ಅಲ್ಲಿಗೆ ಬಂದು ನೋಡುತ್ತೇನೆ ಎಂದಿದ್ದ. ಅವನು ಒಪ್ಪಿದರೆ ಶುಕ್ರವಾರ ಬೆಳಗಾವಿಯಲ್ಲಿ ಬಿಡುಗಡೆ. ಇಲ್ಲವಾದರೆ ಸಿನಿಮಾ ಪೆಟ್ಟಿಗೆಯಲ್ಲೇ ಕೊಳೆಯಬೇಕು.

ಮಳೆಗಾಲ. ಸಾತವ್ವ ಹೊಸ ಇಳಕಲ್ ಸೀರೆ ಉಟ್ಟು, ಓಣಿಯ ಹೆಂಗಸರನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಳು. ಪರದೆಯ ಮುಂದೆ ಕಾಯಿ ಒಡೆದರು. ದೀಪ ಆರಿತು. ಕತ್ತಲಲ್ಲಿ ಟಕಟಕ ಶುರುವಾಯಿತು.

ಮಳೆ ಹಿಡಿದರೆ ಖಾನಾಪುರದಲ್ಲಿ ಕರೆಂಟ್ ಹೋಗುವುದು ದಿನದ ಮಾತು. ಹೋದೊಡನೆ ಟಾಕೀಜಿನ ಹಿಂದೆ ಡೀಸೆಲ್ ಜನರೇಟರ್ ಶುರು ಮಾಡುತ್ತಾರೆ. ಅದರ ಸದ್ದೂ ಇದೇ ಟಕಟಕ. ಹಿಂದಿನ ಸಾಲಿನಲ್ಲಿ ಯಾರೋ ಮರಾಠಿಯಲ್ಲಿ "ಲೈಟ್ ಗೇಲಿ" ಅಂದರು. "ಹೂಂ, ಕರೆಂಟ್ ಹೋತು" ಎಂದು ಮುಂದಿನವರು ಕನ್ನಡದಲ್ಲಿ ಒಪ್ಪಿಕೊಂಡರು. ಮೊಬೈಲುಗಳ ಟಾರ್ಚ್ ಹೊತ್ತಿದವು. ಜನರೇಟರ್ ಹಿಡಿಯುವವರೆಗೆ ಚಹಾ ಕುಡಿದು ಬರೋಣವೆಂದು ಗಂಡಸರು ಎದ್ದರು, ಬಾಗಿಲು ತೆರೆದರು, ಹಗಲು ಒಳಗೆ ನುಗ್ಗಿತು.

ನಾಗಲಿಂಗ ಕುರ್ಚಿಯ ಮೇಲೆ ಹತ್ತಿ ನಿಂತು, "ಕುಂದರ್ರಿ, ಪಿಚ್ಚರ್ ಚಾಲೂ ಆಗೈತಿ," ಎಂದು ಕೂಗಿದ.

"ಎಲ್ಲೈತೋ? ಜನರೇಟರ್ ಸಪ್ಪಳದ್ದ ಪಿಚ್ಚರ್ ಏನೋ ಮಾರಾಯಾ?" ಎಂದು ಕತ್ತಲಿಂದ ಉತ್ತರ ಬಂತು. ಟಾಕೀಜೆಲ್ಲ ನಕ್ಕಿತು.

ಗದ್ದಲ ಕೇಳಿದ ಆಪರೇಟರ್, ಏನು ಅನಾಹುತವೋ ಎಂದು ಒಳಗಿನ ಟ್ಯೂಬ್‌ಲೈಟೆಲ್ಲ ಹಾಕಿಬಿಟ್ಟ. ಅದೇ ಗಳಿಗೆಗೆ ಸಾತವ್ವನ ಮುಖ ಪರದೆಯ ಮೇಲೆ ಬಂತು. ಆ ಬೆಳಕಿನಲ್ಲಿ ಅದು ಸುಣ್ಣ ಬಳಿದ ಗೋಡೆಯಂತೆ ಬಿಳಿಚಿತ್ತು. ನೋಡಬೇಕಾದವರ ಬೆನ್ನುಗಳು ಪರದೆಯ ಕಡೆ ಇದ್ದವು. ಸಾತವ್ವ ತಾನೂ ಒಳಗಿರಲಿಲ್ಲ. ಕರೆಂಟ್ ಬರುವುದರೊಳಗೆ ಹೋಗಿ ಬರೋಣವೆಂದು ಹೆಂಗಸರನ್ನು ಕರೆದುಕೊಂಡು ಹಿತ್ತಲಿಗೆ ಹೋಗಿದ್ದಳು. ಜೀವಮಾನವಿಡೀ ಕೇಳಿದ ಸದ್ದು, ಅದನ್ನು ಯಾರು ಕಿವಿಗೊಟ್ಟು ಕೇಳುತ್ತಾರೆ?

ಆಟ ಮುಗಿದ ಮೇಲೆ ದುಂಡಪ್ಪ ಚಹಾದಂಗಡಿಯಲ್ಲಿ ಕೂಡಿಸಿಕೊಂಡು ಮಾತಾಡಿದ. ಕೆಟ್ಟ ಮನುಷ್ಯನಲ್ಲ. ಉಳಿದದ್ದೆಲ್ಲ ಚೆನ್ನಾಗಿದೆ, ಇಂಟರ್‌ವಲ್ ಆದ ಮೇಲೆ ತನಗೇ ಅಳು ಬಂತು ಅಂದ. ಆದರೆ ಆ ಕತ್ತಲು ತೆಗೆಯಬೇಕು. ಅಲ್ಲಿ ಡ್ರೋನ್ ಹಾರಿಸಿ ಹಲಸಿಯ ಗುಡಿ, ಕಾಡು, ಊರಿನ ಹಂಚು ತೋರಿಸಬೇಕು, ಹಿನ್ನೆಲೆಯಲ್ಲಿ ಡೊಳ್ಳು ಬಾರಿಸಬೇಕು. ಹಾಗಾದರೆ ಶುಕ್ರವಾರ ಖಂಡಿತ.

"ನೀವು ಕಿವುಡರು," ಅಂದ ನಾಗಲಿಂಗ.

"ನಾ ಅಲ್ರೀ ನಾಗಲಿಂಗಣ್ಣ. ನನ್ನ ಟಾಕೀಜಿಗೆ ಬರೋ ಮಂದಿ ಕಿವುಡರು. ಅವರು ನಿಮಗ ಬೇಕೋ ಬ್ಯಾಡೋ, ಅಷ್ಟ ಹೇಳ್ರಿ."

ನಾಗಲಿಂಗ ಚಹಾದ ಗ್ಲಾಸನ್ನು ಕುಕ್ಕಿ ಎದ್ದು ಬಂದ. ಬೆಳಗಾವಿ ಮುಟ್ಟುವವರೆಗೂ ಬೈದ. ದುಂಡಪ್ಪನಿಗೆ, ಆಪರೇಟರನಿಗೆ, ಮಳೆಗೆ ಬೈದ. ಬೈಗುಳ ತೀರಿದ ಮೇಲೆ ದುಂಡಪ್ಪನ ಪ್ರಶ್ನೆ ಮಾತ್ರ ಉಳಿಯಿತು.

ಮಳೆ ಬಿಟ್ಟ ದಿನ ಮದುವೆಗೆ ಒಯ್ಯುವ ಡ್ರೋನನ್ನು ಹಲಸಿಗೂ ಅಕ್ಕನ ಹಳ್ಳಿಗೂ ಒಯ್ದು ಹಾರಿಸಿದ. ನಾನು ಕತ್ತರಿಸುತ್ತೇನೆ, ನೀವು ಎದ್ದು ಹೋಗಿರಿ ಎಂದು ಪ್ರಮಿಳಾ ಹೇಳಿದರೂ ಕೇಳದೆ, ಕತ್ತಲನ್ನು ತಾನೇ ಕತ್ತರಿಸಿದ. ಡೊಳ್ಳಿನ ಸದ್ದು ಹುಡುಕುವ ಕೆಲಸವೇ ಬೀಳಲಿಲ್ಲ. ಮದುಮಗಳು ಮಂಟಪಕ್ಕೆ ಬರುವಾಗ ಎಲ್ಲರ ವೀಡಿಯೊಕ್ಕೂ ಹಾಕುತ್ತಿದ್ದ ಡೊಳ್ಳು ಕಂಪ್ಯೂಟರಿನಲ್ಲಿ ಬಿದ್ದಿತ್ತು. ಅದನ್ನೇ ಹಾಕಿದ.

ಶುಕ್ರವಾರ ಡ್ರೋನ್ ಗುಡಿಯ ಶಿಖರ ಸುತ್ತಿದಾಗ ಅಲ್ಲೊಬ್ಬ ಇಲ್ಲೊಬ್ಬ ಸೀಟಿ ಹೊಡೆದರು. ಉಳಿದಂತೆ ಖಾಲಿ ಕುರ್ಚಿ. ಸಂಜೆಯ ಆಟಕ್ಕೆ ಅಷ್ಟೂ ಇರಲಿಲ್ಲ. ನಾಳೆಯಿಂದ ಬೇರೆ ಪಿಚ್ಚರ್ ಎಂದು ಹೇಳುವಾಗ ದುಂಡಪ್ಪ ಮುಖ ಎತ್ತಲಿಲ್ಲ. ಅವನನ್ನು ಬೈಯಲು ನಾಗಲಿಂಗನಿಗೆ ನೆವವೂ ಸಿಗಲಿಲ್ಲ, ಅವನು ಹೇಳಿದ್ದನ್ನೆಲ್ಲ ತಾನೇ ಮಾಡಿದ್ದನಲ್ಲ.

ಹೊರಗೆ ಮೆಟ್ಟಿಲ ಮೇಲೆ ಸಾತವ್ವ ಕಾಯುತ್ತಿದ್ದಳು. ಮುಖ ಅರಳಿತ್ತು.

"ತಮ್ಮಾ, ಈಗ ಚಲೋ ಆತು ನೋಡು. ಮ್ಯಾಲಿಂದ ನಮ್ಮ ಮನಿ ಹಂಚು ಸುದ್ದಾ ಕಾಣ್ತು. ಆವತ್ತ ಇದನ್ಯಾಕ ತೋರಸಲಿಲ್ಲ?"

ಅವನು ಸಿಟ್ಟಿಗಾಗಿ ಒಳಗೆ ತಡಕಾಡಿದ. ಸಿಗಲಿಲ್ಲ.

"ಆವತ್ತ ಕರೆಂಟ್ ಹೋಗಿತ್ತಕ್ಕಾ," ಅಂದ.

ಸಾತವ್ವ ಹೌದೆಂದು ತಲೆಯಾಡಿಸಿದಳು. ಆಮೇಲೆ ಸೆರಗಿನಿಂದ ಮೊಬೈಲ್ ತೆಗೆದು ಚಾಚಿದಳು. ಹಂಚು ಕಾಣುವ ತುಣುಕಷ್ಟೇ ಹಾಕಿಕೊಡು, ಉಳಿದದ್ದು ಬೇಡ, ಮೊಬೈಲಿನಲ್ಲಿ ಜಾಗವಿಲ್ಲ ಅಂದಳು. ನಾಗಲಿಂಗ ಮೆಟ್ಟಿಲ ಮೇಲೆ ಕೂತು, ಅಷ್ಟನ್ನೇ ಹಾಕಿಕೊಟ್ಟ.