ಮಂಗಳಮ್ಮನ ಮಂಡಿ ಮತ್ತು ಹಸಿರು ಸೈಕಲ್ಲು

ನಾನು ಒಂದು ಸೈಕಲ್ಲು. ಇಷ್ಟು ಹೇಳಲಿಕ್ಕೂ ನಾನೀಗ ಎರಡು ಸಲ ಯೋಚಿಸಬೇಕು. ನಡುವೆ ಕೆಲವು ವರ್ಷ ನಾನು ಸೈಕಲ್ಲೋ, ಫೋಟೊಗೆ ನಿಲ್ಲಿಸುವ ಗೊಂಬೆಯೋ ಎಂದು ನನಗೇ ಅನುಮಾನ ಬರುವಂತೆ ಮಾಡಿಬಿಟ್ಟಿದ್ದರು. ಸರಿಯಾಗಿ ಹೇಳಬೇಕೆಂದರೆ ನಿಮ್ಮ ಜೊತೆ ಮಾತಾಡುತ್ತಿರುವುದು ಸೈಕಲ್ಲಿನ ಫ್ರೇಮು. ಚಕ್ರ ಬರುತ್ತದೆ, ಹೋಗುತ್ತದೆ. ಸೀಟು ಬರುತ್ತದೆ, ಹೋಗುತ್ತದೆ. ಎಲ್ಲರ ಭಾರ ಹೊತ್ತು ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಕರ್ಮ ಮಾತ್ರ ಫ್ರೇಮಿನದು.

ನಾನು ಹುಟ್ಟಿದ್ದು ಯಾವುದೋ ಊರಿನ ದೊಡ್ಡ ಕಾರ್ಖಾನೆಯಲ್ಲಿ. ಉಕ್ಕಿನ ಕೊಳವೆಗಳನ್ನು ಕತ್ತರಿಸಿ, ಬೆಂಕಿಯಲ್ಲಿ ಬೆಸೆದು, ಮೈತುಂಬ ಹಸಿರು ಬಣ್ಣ ಬಳಿದರು. ಹೆಂಗಸರೂ ಗಂಡಸರೂ ಸಲೀಸಾಗಿ ಹತ್ತಲೆಂದು ನನ್ನ ಮೇಲಿನ ಕೊಳವೆಯನ್ನು ಇಳಿಜಾರಾಗಿ ಇಟ್ಟರು. ಅಗಲವಾದ ಸೀಟು, ಮಡ್‌ಗಾರ್ಡು, ಕ್ಯಾರಿಯರ್, ಸ್ಟ್ಯಾಂಡು, ಹ್ಯಾಂಡಲ್ ಮೇಲೊಂದು ಬೆಲ್ಲು, ಎಲ್ಲವೂ ಇದ್ದವು. ಲಾರಿಯಲ್ಲಿ ಮೈಸೂರಿಗೆ ಬಂದು ಒಂದು ಅಂಗಡಿಯ ಮುಂದೆ ನಿಂತಾಗ ನನಗೆ ಯಾವ ಕೊರತೆಯೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನನ್ನು ಕೊಂಡದ್ದು ಒಂದು ಮಂಡಿಗಾಗಿ. ಆ ಮಂಡಿ ಇಟ್ಟಿಗೆಗೂಡು ಬಡಾವಣೆಯ ಸರ್ವಮಂಗಳಾ ಅವರದು, ಪ್ರೈಮರಿ ಶಾಲೆಯ ಟೀಚರು. ಬೀದಿಯವರಿಗೆಲ್ಲ ಮಂಗಳಮ್ಮ. ಬೋರ್ಡಿನ ಮುಂದೆ ನಿಂತು ನಿಂತು ಆಕೆಯ ಎಡಮಂಡಿ ಹಿಡಿದುಕೊಳ್ಳತೊಡಗಿತ್ತು. "ದಿನಾ ಸ್ವಲ್ಪ ಹೊತ್ತು ನಿಧಾನವಾಗಿ ಸೈಕಲ್ ತುಳೀರಿ. ಮಂಡಿ ಆಡ್ತಾ ಇರ್ಬೇಕು. ಬಿಟ್ರೆ ಬಿಗಿದ್ಕೊಂಡ್ಬಿಡತ್ತೆ, ಆಮೇಲೆ ಆಪರೇಷನ್ ಮಾತು ಬರತ್ತೆ" ಎಂದು ಡಾಕ್ಟರು ಹೇಳಿದ್ದರು. ಹಸಿರು ಬಣ್ಣ ಆರಿಸಿದ್ದು ಆಕೆಯೇ. ಅಂಗಡಿಯಲ್ಲೇ ಬೆಲ್ಲು ಬಾರಿಸಿ ನಕ್ಕರು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಪಕ್ಕದ ಓಣಿಯಲ್ಲಿ ನನ್ನನ್ನು ಒಂದು ಸುತ್ತು ತುಳಿದು ಬಂದರು. "ಮರ್ತೇ ಹೋಗಿದೆ ಅನ್ಕೊಂಡಿದ್ದೆ ಕಣ್ರೀ" ಎಂದು ಗಂಡನಿಗೆ ಹೇಳುವಾಗ ಅವರ ಮುಖ ಅರಳಿತ್ತು. ನನಗೂ ಬಹಳ ಖುಷಿಯಾಗಿತ್ತು.

ಗಂಡ ಪಶುಪತಿ, ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇನ್ನು ಮುಂದೆ ಹೇಳುವ ಅವಕಾಶ ಸಿಗಲಾರದು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊಸ ಸೈಕಲ್ ಹಂಗೆಲ್ಲ ತುಳೀಬಾರ್ದು ಮಂಗಳಾ. ನಾಲ್ಕು ದಿನ ನಾನು ಓಡ್ಸಿ, ಎಲ್ಲಾ ಸರಿ ಮಾಡಿ, ರೆಡಿ ಮಾಡ್ಕೊಡ್ತೀನಿ" ಎಂದರು. ನನ್ನಲ್ಲಿ ರೆಡಿಯಾಗಲು ಏನು ಉಳಿದಿದೆಯೆಂದು ನನಗೆ ಹೊಳೆಯಲಿಲ್ಲ. ಅಂದಿನಿಂದ ನನ್ನ ಗ್ರಹಚಾರ ಶುರುವಾಯಿತು.

ಭಾನುವಾರ ಬೆಳಗ್ಗೆ ಮೇಷ್ಟ್ರು ನನ್ನನ್ನು ಚಾಮುಂಡಿ ಬೆಟ್ಟದ ಬುಡಕ್ಕೆ ಕರೆದೊಯ್ದರು. ಅಲ್ಲೊಂದು ಚಹಾದ ಗಾಡಿಯ ಎದುರಿಗೆ ಸೈಕಲ್ ಹುಚ್ಚಿನವರ ಒಂದು ಗುಂಪು ಸೇರುತ್ತಿತ್ತು. ಅಲ್ಲಿ ಯಾರೂ ಯಾರನ್ನೂ "ಎಷ್ಟು ದೂರ ಹೋಗಿದ್ರಿ" ಎಂದು ಕೇಳುವುದಿಲ್ಲ. "ಮುಂದೇನು ಹಾಕಿಸ್ತೀರಿ" ಎಂದು ಕೇಳುತ್ತಾರೆ. ಅದೇ ಅವರ ನಮಸ್ಕಾರ. ಎಲ್ಲ ಸೈಕಲ್ಲುಗಳನ್ನೂ ಕಲ್ಲಿನ ಕಟ್ಟೆಗೆ ಒರಗಿಸಬೇಕು. ಚೈನಿರುವ ಮಗ್ಗುಲು ಹೊರಗೆ ಕಾಣಬೇಕು, ಪೆಡಲ್ ಅಡ್ಡಕ್ಕೆ ನೇರವಾಗಿರಬೇಕು, ಚಕ್ರದಲ್ಲಿ ಗಾಳಿ ತುಂಬುವ ಮೂತಿ ಕೆಳಗಿರಬೇಕು. ಹಾಗಿದ್ದರೆ ಮಾತ್ರ ಫೋಟೊ. ಹೆಣ್ಣು ತೋರಿಸುವ ದಿನವೂ ಇಷ್ಟೊಂದು ಶಾಸ್ತ್ರ ಇರುವುದಿಲ್ಲ. ಫೋಟೊ ತೆಗೆದಾದ ಮೇಲೆ ಚಹಾ, ಆಮೇಲೆ ಇಡ್ಲಿ, ಆಮೇಲೆ ಬಿಸಿಲು ಜಾಸ್ತಿಯಾಯಿತೆಂದು ಮನೆಗೆ ವಾಪಸು. ಬೆಟ್ಟ ಪಾಪ ತನ್ನ ಪಾಡಿಗೆ ತಾನು ಮೇಲೆ ನಿಂತಿರುತ್ತಿತ್ತು.

ಗುಂಪಿನ ಹಿರಿಯರು ಹಲ್ಲಿನ ಡಾಕ್ಟರು ಕುಶಾಲಪ್ಪ. ಅವರ ಸೈಕಲ್ಲನ್ನು ಒಂದೇ ಬೆರಳಲ್ಲಿ ಎತ್ತಬಹುದಿತ್ತು. ಅವರು ಎತ್ತಿ ತೋರಿಸುತ್ತಲೂ ಇದ್ದರು. ನನ್ನನ್ನು ಸುತ್ತಿ ಬಂದು, ಹುಳುಕು ಹಲ್ಲು ಕಂಡವರಂತೆ ನನ್ನ ಕಾಲಿನ ಬಳಿ ನಿಂತರು.

"ಸ್ಟ್ಯಾಂಡಾ, ಮೇಷ್ಟ್ರೇ?"

ಅಷ್ಟೇ ಕೇಳಿದ್ದು. ಮೇಷ್ಟ್ರ ಕಿವಿ ಕೆಂಪಾಯಿತು. ಅಂದು ಮಧ್ಯಾಹ್ನವೇ ನನ್ನ ಸ್ಟ್ಯಾಂಡು ಹೋಯಿತು. ಮುಂದಿನ ವಾರ ಮಡ್‌ಗಾರ್ಡು, ಅದರ ಮುಂದಿನ ವಾರ ಕ್ಯಾರಿಯರ್. ಮಂಗಳಮ್ಮ ಕೇಕಿಗೆ ಹಿಟ್ಟು ತೂಗಲು ಇಟ್ಟುಕೊಂಡಿದ್ದ ಪುಟ್ಟ ತೂಕದ ಯಂತ್ರ ಅಡುಗೆಮನೆಯಿಂದ ಹಿತ್ತಲಿಗೆ ಬಂತು, ಮತ್ತೆ ಒಳಗೆ ಹೋಗಲಿಲ್ಲ. ಬಿಚ್ಚಿದ ಒಂದೊಂದು ಬೋಲ್ಟನ್ನೂ ಮೇಷ್ಟ್ರು ಅದರ ಮೇಲಿಟ್ಟು ಗ್ರಾಂ ಲೆಕ್ಕದಲ್ಲಿ ಸಂತೋಷಪಡುತ್ತಿದ್ದರು. ಅದೇ ಮೇಷ್ಟ್ರು ಬೆಟ್ಟದ ಬುಡದಲ್ಲಿ ಎರಡು ಪ್ಲೇಟು ಇಡ್ಲಿ, ಮೇಲೊಂದು ವಡೆ ತಿಂದು ನನ್ನ ಮೇಲೆ ಕೂರುತ್ತಿದ್ದರು. ಆ ಭಾರವನ್ನು ಯಾರೂ ತೂಗಲಿಲ್ಲ. ನನಗೆ ಮಾತ್ರ ಗೊತ್ತಾಗುತ್ತಿತ್ತು.

ಬಿಚ್ಚುವಾಗಲೂ ಜೋಡಿಸುವಾಗಲೂ ಮೇಷ್ಟ್ರಿಗೆ ಒಂದು ಕೈ ಕಡಿಮೆ ಬೀಳುತ್ತಿತ್ತು. "ಮಂಗಳಾ, ಇಲ್ಲಿ ಸ್ವಲ್ಪ ಹಿಡ್ಕೋ" ಎಂದು ಕರೆಯುವರು. ಆಕೆ ಒಲೆ ಸಣ್ಣ ಮಾಡಿ, ಕುಂಟುತ್ತ ಬಂದು ಹಿಡಿಯುವರು. ಚಕ್ರ ಹಿಡಿದರು, ಹ್ಯಾಂಡಲ್ ಹಿಡಿದರು, ಚೈನು ಹಿಡಿದು ಕೈಯೆಲ್ಲ ಮಸಿ ಮಾಡಿಕೊಂಡರು. "ಇದು ಮುಗೀತಾ? ಇನ್ನು ನಾನು ತುಳೀಬಹುದಾ?" ಎಂದು ಕೇಳುವರು.

"ಇದೊಂದು ಆಗ್ಲಿ. ಇನ್ನೇನು ರೆಡಿ ಆಯ್ತು."

ನನಗೆ ತಲೆ ಚಿಟ್ಟುಹಿಡಿಯುತ್ತಿದ್ದುದು ಇಲ್ಲಿಯೇ. ನನ್ನನ್ನು ರೆಡಿ ಮಾಡಿದಷ್ಟೂ ನಾನು ಆಕೆಯಿಂದ ದೂರವಾಗುತ್ತಿದ್ದೆ. ಅಗಲ ಸೀಟು ತೆಗೆದು ಕತ್ತಿಯಲಗಿನಂಥದ್ದನ್ನು ಹಾಕಿದರು. ಆಕೆ ಒಮ್ಮೆ ಕುಳಿತು, ತುಟಿ ಕಚ್ಚಿ ಇಳಿದರು. ನೆಟ್ಟಗಿದ್ದ ಹ್ಯಾಂಡಲ್ ಹೋಗಿ ಟಗರಿನ ಕೊಂಬಿನಂಥದ್ದು ಬಂತು. ಅದನ್ನು ಹಿಡಿಯಲು ಮೂಗು ನೆಲಕ್ಕೆ ತಾಗುವಷ್ಟು ಬಗ್ಗಬೇಕು. ಕಡೆಗೆ ಪೆಡಲ್ಲೂ ಹೋಯಿತು. ಅದರ ಜಾಗದಲ್ಲಿ ಬೆರಳುದ್ದದ ಕೊಂಡಿ ಬಂತು, ಅದಕ್ಕೆ ಸಿಕ್ಕಿಸಲು ಬೇರೆಯೇ ಬೂಟು ಬೇಕು. ಆ ಬೂಟು ಇದ್ದದ್ದು ಒಂದೇ ಜೊತೆ, ಮೇಷ್ಟ್ರ ಅಳತೆಗೆ. ಮಂಡಿಗೆಂದು ತಂದ ಸೈಕಲ್ಲನ್ನು ಚಪ್ಪಲಿ ಹಾಕಿದ ಕಾಲು ತುಳಿಯಲಾರದಂತೆ ಮಾಡಿ, ಆ ಮನುಷ್ಯ ದೂರ ನಿಂತು ತಲೆ ಓರೆ ಮಾಡಿ ನೋಡಿ, "ಈಗ ನೋಡು, ಹೆಂಗಿದೆ" ಎಂದು ಹೆಂಡತಿಯನ್ನೇ ಕೇಳಿದರು. ನನಗೆ ಬಾಯಿದ್ದಿದ್ದರೆ ಅಂದು ಬೀದಿಗೇ ಕೇಳಿಸುತ್ತಿತ್ತು.

"ಬೇರೆ ಸಾದಾ ಸೈಕಲ್ ಒಂದು ತಗೊಂಬಿಡ್ಲಾ?" ಎಂದು ಆಕೆ ಒಮ್ಮೆ ಕೇಳಿದ್ದುಂಟು. "ಮನೇಲಿ ಇಂಥಾದ್ದು ಇಟ್ಕೊಂಡು ಸಾದಾದ್ದು ಯಾಕೆ? ನಂಗೆ ಹೊಸದು ಬಂದ್ ತಕ್ಷಣ ಇದು ನಿಂದೇ ಕಣೇ" ಎಂದರು ಮೇಷ್ಟ್ರು. ಆಕೆ ನಂಬಿದರು. ನನಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂದು ಹೇಳುವುದು ಕಷ್ಟ, ಬಹುಶಃ ಇಬ್ಬರ ಮೇಲೂ.

ಈ ಜನರ ಇನ್ನೊಂದು ಗುಣವನ್ನೂ ಹೇಳಬೇಕು. ಇವರು ಹಳೆಯದನ್ನು ಎಸೆಯುವುದಿಲ್ಲ. "ಇರ್ಲಿ, ಎಂದಾದ್ರೂ ಬೇಕಾಗತ್ತೆ" ಎಂದು ಬಿಚ್ಚಿದ್ದನ್ನೆಲ್ಲ ಒರೆಸಿ, ಪೇಪರಿನಲ್ಲಿ ಸುತ್ತಿ, ಅಕ್ಕಿ ಚೀಲಕ್ಕೆ ತುಂಬಿ, ಬಚ್ಚಲುಮನೆಯ ಮೇಲಿನ ಅಟ್ಟಕ್ಕೆ ಹಾಕುತ್ತಿದ್ದರು. ಹೀಗೆ ನಾನು ಅಂಗಡಿಯಿಂದ ತಂದ ಮೈಯೆಲ್ಲ ಒಂದೊಂದಾಗಿ ಅಟ್ಟ ಸೇರಿತು. ಹಿತ್ತಲಲ್ಲಿ ನನ್ನದೆಂದು ಉಳಿದದ್ದು ನಾನೊಬ್ಬನೇ.

ನನ್ನ ಸರದಿಗೂ ಒಂದು ಭಾನುವಾರ ಬಂತು. ಕುಶಾಲಪ್ಪನವರು ಚಹಾ ಹೀರುತ್ತ, ಉಗುರಿನಿಂದ ನನ್ನ ಮೈಯನ್ನು ಟಕ್ ಟಕ್ ಎಂದು ಬಡಿದರು. "ಇಷ್ಟೆಲ್ಲ ಹಾಕ್ಸಿ ಫ್ರೇಮ್ ಮಾತ್ರ ಹಳೇ ಕಬ್ಬಿಣ ಇಟ್ಕೊಂಡಿದೀರಲ್ಲ ಮೇಷ್ಟ್ರೇ. ಚಿನ್ನದ ಹಲ್ಲನ್ನ ಕೊಳೆತ ವಸಡಿಗೆ ಕೂರ್ಸಿದ ಹಾಗೆ."

ನಾನು ಕೊಳೆತ ವಸಡಂತೆ. ಕೆಲವೇ ವಾರಗಳಲ್ಲಿ ಉಕ್ಕಿಗಿಂತ ಬಹಳ ಹಗುರವಾದ ಕಾರ್ಬನ್ನಿನ ಕಪ್ಪು ಫ್ರೇಮೊಂದು ಡಬ್ಬದಲ್ಲಿ ಬಂತು. ಬಣ್ಣದ ಕುಪ್ಪಸದಂತೆ ನನ್ನ ಮೇಲಿದ್ದ ಹೊಸ ಸಾಮಾನೆಲ್ಲ ಅದಕ್ಕೆ ಹೋಯಿತು. ನನ್ನನ್ನು ಹಿತ್ತಲ ಗೋಡೆಯ ಮೊಳೆಗೆ ನೇತುಹಾಕಿದರು. ಮಳೆ ಬಂದ ದಿನ ನನ್ನ ಮೇಲೆ ಕಾಲುಚೀಲ ಒಣಹಾಕುತ್ತಿದ್ದರು. ಹೊಸ ಕಾರ್ಬನ್ ಮಹಾರಾಯನಿಗೆ ಮಾತ್ರ ನಡುಮನೆಯ ಗೋಡೆಯ ಮೇಲೆ ಜಾಗ. ಅದರ ಗೇರು ಬದಲಿಸಲು ಬ್ಯಾಟರಿ ಬೇಕು, ಬ್ಯಾಟರಿಗೆ ಚಾರ್ಜು ಬೇಕು. ಟೈರು ಕೊಳೆಯಾದೀತೆಂದು ಬೆಟ್ಟದ ಬುಡದವರೆಗೆ ಅದನ್ನು ಕಾರಿನಲ್ಲಿ ಮಲಗಿಸಿಕೊಂಡು ಹೋಗುತ್ತಿದ್ದರು. ನಮ್ಮ ಮನೆಯಿಂದ ಬೆಟ್ಟದ ಬುಡಕ್ಕೆ ನಡೆದೇ ಹೋಗಬಹುದು, ಅಷ್ಟು ಹತ್ತಿರ.

ಆ ಹೊತ್ತಿಗೆ ಮಂಗಳಮ್ಮ ಹಿತ್ತಲ ಮೆಟ್ಟಿಲನ್ನು ಗೋಡೆ ಹಿಡಿದು ಅಡ್ಡಡ್ಡವಾಗಿ ಇಳಿಯತೊಡಗಿದ್ದರು. ಒಂದು ದಿನ ನನ್ನತ್ತ ಕೈತೋರಿ, "ಹೊಸದು ಬಂತಲ್ಲ, ಇನ್ನು ಇದು ನಂದಲ್ವಾ?" ಎಂದು ಕೇಳಿದರು.

"ನಿಂದೇ. ಆದ್ರೆ ಬರೀ ಫ್ರೇಮ್ ತಗೊಂಡು ಏನ್ಮಾಡ್ತೀಯ? ತಡಿ, ಅದಕ್ಕೊಂದು ಒಳ್ಳೇ ಚಕ್ರದ ಜೋಡಿ ನೋಡಿಟ್ಟಿದೀನಿ. ಹಗುರ ಅಂದ್ರೆ ಹೂವು. ಬರ್ಲಿ, ರೆಡಿ ಮಾಡ್ಕೊಡ್ತೀನಿ."

ಮಂಗಳಮ್ಮ ನನ್ನ ಮೇಲಿದ್ದ ಕಾಲುಚೀಲಗಳನ್ನು ತೆಗೆದು ಹಗ್ಗದ ಮೇಲೆ ಹಾಕಿದರು.

ಬೇಸಿಗೆ ರಜೆ ಬಂತು. ಮೇಷ್ಟ್ರು ಪರೀಕ್ಷೆ ಪೇಪರು ತಿದ್ದಲು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಮಂಗಳಮ್ಮ ಅಟ್ಟದ ಚೀಲವನ್ನೂ ಹಳೆಯ ಚಕ್ರಗಳನ್ನೂ ಕೋಲಿನಿಂದ ಎಳೆದು ಬೀಳಿಸಿದರು. ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ನನ್ನನ್ನು ಮೊಳೆಯಿಂದ ಇಳಿಸಿ ಬಟ್ಟೆ ಒಗೆಯುವ ಕಲ್ಲಿಗೆ ಒರಗಿಸಿದರು. ನೆಲದ ಮೇಲೆ ಕೂರಲು ಮಂಡಿ ಮಡಚುವುದಿಲ್ಲ. ಆದ್ದರಿಂದ ಸ್ಟೂಲು ಹಾಕಿಕೊಂಡು, ಮೇಷ್ಟ್ರ ಸ್ಪ್ಯಾನರ್ ಡಬ್ಬ ಪಕ್ಕಕ್ಕಿಟ್ಟುಕೊಂಡು ಕುಳಿತರು. ಆಕೆಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟು ವರ್ಷ ಎಲ್ಲವನ್ನೂ ಬಿಚ್ಚುವಾಗ ಇನ್ನೊಂದು ತುದಿ ಹಿಡಿದು ನಿಂತವರು ಅವರೇ ತಾನೇ. ಚಕ್ರ ಒಮ್ಮೆ ತಿರುವುಮುರುವಾಯಿತು, ಬಿಚ್ಚಿ ಮತ್ತೆ ಹಾಕಿದರು. ಬ್ರೇಕಿನ ತಂತಿ ಎಳೆದು ಕೂರಿಸುವಾಗ ಬೆರಳು ತರಚಿತು, ಒಂದು ಕೆಟ್ಟ ಬೈಗುಳ ಬೈದರು, ಅದು ಸೈಕಲ್ಲಿಗೆ ಅಲ್ಲವೆಂದು ನನಗೆ ಗೊತ್ತಿತ್ತು. ನಾಲ್ಕಾರು ಮಧ್ಯಾಹ್ನ ಹೀಗೆ ಕಳೆದವು, ಸಂಜೆ ಮೇಷ್ಟ್ರು ಬರುವ ಮೊದಲು ನನ್ನ ಮೇಲೊಂದು ಹಳೆಯ ಸೀರೆ ಹೊದಿಸಿಡುತ್ತಿದ್ದರು. ಅಗಲ ಸೀಟು ಬಂತು, ನೆಟ್ಟಗಿನ ಹ್ಯಾಂಡಲ್ ಬಂತು, ಹಳೆಯ ಪೆಡಲ್ ಬಂತು, ಕ್ಯಾರಿಯರ್ ಬಂತು, ಸ್ಟ್ಯಾಂಡು ಬಂತು. ಚೀಲದಲ್ಲಿ ಬೆಲ್ಲು ಮಾತ್ರ ಇರಲಿಲ್ಲ. ನಾನು ಕಂಗಾಲಾದೆ. ಆಕೆ ಒಳಗೆ ಹೋಗಿ, ಸಾಸಿವೆ ಡಬ್ಬದ ಹಿಂದಿನಿಂದ ಅದನ್ನು ತಂದರು. ಅಷ್ಟು ವರ್ಷ ಅದನ್ನು ತಾವೇ ಎತ್ತಿಟ್ಟುಕೊಂಡಿದ್ದರು.

ಭಾನುವಾರ ಮೇಷ್ಟ್ರು ಕಾರ್ಬನ್ ಮಹಾರಾಯನನ್ನು ಕಾರಿಗೆ ಹತ್ತಿಸಿಕೊಂಡು ಹೊರಟ ಮೇಲೆ ಮಂಗಳಮ್ಮ ನನ್ನನ್ನು ಗೇಟಿನಿಂದ ಹೊರಗೆ ತಂದರು. ಮೊದಲ ಸುತ್ತುಗಳಲ್ಲಿ ಎಡಮಂಡಿ ಕಲ್ಲಿನಂತೆ ಬಿಗಿದಿತ್ತು. ಪೆಡಲ್ ಮೇಲೆ ಬಂದಾಗಲೆಲ್ಲ ಆಕೆ ಉಸಿರು ಹಿಡಿಯುತ್ತಿದ್ದರು. ಎರಡು ಕಡೆ ಇಳಿದು ತಳ್ಳಿದರು. ಮೃಗಾಲಯದ ಗೋಡೆ ದಾಟುವ ಹೊತ್ತಿಗೆ ಸ್ವಲ್ಪ ಸಡಿಲವಾಯಿತು. ಬೆಟ್ಟದ ಬುಡದ ಚಹಾದ ಗಾಡಿ ತಲುಪಿ, ಇಳಿದು, ನನ್ನನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಕಟ್ಟೆಗೆ ಒರಗದೆ ನಾನೊಬ್ಬನೇ ನೆಟ್ಟಗೆ ನಿಂತಿದ್ದೆ.

ಗುಂಪು ನನ್ನನ್ನು ಸುತ್ತುವರಿಯಿತು. ವರ್ಷಗಟ್ಟಲೆ ನನ್ನನ್ನು ನೋಡಿದ್ದ ಒಬ್ಬನಿಗೂ ನನ್ನ ಗುರುತು ಹತ್ತಲಿಲ್ಲ. ಅವರು ನೋಡುತ್ತಿದ್ದುದು ಯಾವಾಗಲೂ ನನಗೆ ಸಿಕ್ಕಿಸಿದ್ದನ್ನು.

"ಎಲ್ಲಾ ಕಂಪನಿ ಸಾಮಾನೇ, ಒಂದೂ ಬದಲಾಗಿಲ್ಲ" ಎಂದು ಕುಶಾಲಪ್ಪನವರು ಬಗ್ಗಿ ನೋಡಿದರು. "ಈಗಿನ ಕಾಲದಲ್ಲಿ ಇಂಥದ್ದು ಸಿಗೋದೇ ಕಷ್ಟ. ಎಲ್ಲಿ ಹಿಡಿದ್ರಿ ಮೇಡಂ?"

"ಬಚ್ಚಲುಮನೆ ಅಟ್ಟದ ಮೇಲೆ" ಎಂದರು ಮಂಗಳಮ್ಮ.

"ಮುಂದೇನು ಹಾಕಿಸ್ತೀರಿ?"

"ಗಾಳಿ. ಹಿಂದಿನ ಚಕ್ರದಲ್ಲಿ ಸ್ವಲ್ಪ ಕಮ್ಮಿಯಿದೆ."

ಯಾರೋ ನಕ್ಕರು, ಆಮೇಲೆ ನಿಲ್ಲಿಸಿದರು. ಪಶುಪತಿ ಮೇಷ್ಟ್ರು ಕಾರಿನ ಡಿಕ್ಕಿಯ ಬಳಿ ಕಾರ್ಬನ್ನಿನ ಮುಂದಿನ ಚಕ್ರ ಕೈಯಲ್ಲಿ ಹಿಡಿದು ನಿಂತಿದ್ದರು. ಅವರು ಮಾತ್ರ ನನ್ನನ್ನು ಗುರುತಿಸಿದ್ದರು. ನನ್ನ ಸೀಟು, ನನ್ನ ಕ್ಯಾರಿಯರ್, ಹೆಂಡತಿಯ ಬೆರಳಿಗೆ ಸುತ್ತಿದ್ದ ಬ್ಯಾಂಡೇಜು, ಒಂದೊಂದನ್ನೂ ನೋಡಿದರು. ಆಮೇಲೆ ಆಕೆಯ ಮಂಡಿಯನ್ನು ನೋಡಿದರು. ಅದನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ಮುಖ ಸಪ್ಪಗಾಗಿತ್ತು. ಇಷ್ಟು ದಿನ ಅವರನ್ನು ಬೈದುಕೊಂಡ ನನಗೂ ಆ ಗಳಿಗೆ ಪಾಪ ಎನ್ನಿಸಿತು.

"ಲಲಿತಮಹಲ್ ರಸ್ತೇಲಿ ಒಂದು ಸುತ್ತು ಹೋಗ್ಬರ್ತೀನಿ ರೀ" ಎಂದು ಮಂಗಳಮ್ಮ ಸ್ಟ್ಯಾಂಡು ಎತ್ತಿದರು.

"ತಡಿ ಮಂಗಳಾ, ನಾನೂ ಬರ್ತೀನಿ. ಚಕ್ರ ಹಾಕ್ಬೇಕು, ಬೂಟು ಹಾಕ್ಬೇಕು, ಚಾರ್ಜ್ ನೋಡ್ಬೇಕು. ಐದೇ ನಿಮಿಷ."

ಆಕೆ ಹಿಂತಿರುಗಿ ನೋಡಿದರು. ದನಿಯಲ್ಲಿ ಕೋಪವೇನೂ ಇರಲಿಲ್ಲ.

"ನೀವು ರೆಡಿಯಾಗಿ ಬನ್ನಿ" ಎಂದು ಬೆಲ್ಲು ಬಾರಿಸಿ ಹೊರಟರು.

ಈಗ ನನಗೆ ವಯಸ್ಸಾಗಿದೆ. ಬಣ್ಣದ ಕೆಳಗೆ ತುಕ್ಕು ಹಿಡಿಯುತ್ತಿದೆ. ನನ್ನ ಜಾಗ ಗೇಟಿನ ಪಕ್ಕದ ಮೂಲೆ, ನನ್ನದೇ ಸ್ಟ್ಯಾಂಡಿನ ಮೇಲೆ. ಮಂಡಿ ಪೂರ್ತಿ ಸರಿಯಾಗಲಿಲ್ಲ, ಆಗುವುದೂ ಇಲ್ಲವಂತೆ. ತಡವಾಯಿತು ಎಂದರಂತೆ ಡಾಕ್ಟರು. ಆ ಮಾತು ನೆನೆದಾಗಲೆಲ್ಲ ನನಗೆ ಹೊಟ್ಟೆಯುರಿಯುತ್ತದೆ. ಆದರೂ ಆಪರೇಷನ್ ಮಾತು ಸದ್ಯಕ್ಕೆ ನಿಂತಿದೆ. ಹಿತ್ತಲ ಮೆಟ್ಟಿಲನ್ನು ಆಕೆ ಗೋಡೆ ಹಿಡಿಯದೆ ಇಳಿಯುತ್ತಾರೆ.

ಮೊನ್ನೆ ಸಂಜೆ ಮೇಷ್ಟ್ರು ಸ್ಪ್ಯಾನರ್ ಹಿಡಿದು ನನ್ನ ಹತ್ತಿರ ಬಂದು ಕುಳಿತರು. ಈ ಸಲ ಏನು ಹೋಗುತ್ತದೋ ಎಂದುಕೊಂಡೆ. ಅವರು ಸಡಿಲವಾಗಿದ್ದ ಕ್ಯಾರಿಯರಿನ ನಟ್ಟನ್ನು ಬಿಗಿ ಮಾಡಿದರು. ಆಮೇಲೆ ಒಳಗೆ ತಿರುಗಿ, "ಮಂಗಳಾ, ಇದನ್ನ ನಾನು ಹಿಡ್ಕೊಂಡಿರ್ತೀನಿ, ಬ್ರೇಕ್ ಹೆಂಗೆ ಬೇಕೋ ನೀನೇ ಸರಿ ಮಾಡ್ಕೋ" ಎಂದು ಕರೆದರು. ಆಕೆ ಒಲೆ ಆರಿಸಿ ಬರುವವರೆಗೂ ನನ್ನನ್ನು ಹಿಡಿದುಕೊಂಡೇ ಕೂತಿದ್ದರು.